ಸೂರ್ಯಾಸ್ತ ಬಿಟ್ಟೆ, ಇಸವಣ ಮೀನು ಬಿಡಲಿಲ್ಲ: ಹುಬ್ಬಳ್ಳಿಯಿಂದ ಒಂದೇ ದಿನದ ಕಾರವಾರ

ಬೆಳಿಗ್ಗೆ ಕಾರವಾರಕ್ಕೆ ಹೋಗಿ ರಾತ್ರಿ ನಮ್ಮ ಹಾಸಿಗೆಯಲ್ಲೇ ಮಲಗಿದೆವು ಅಂದರೆ ನಮ್ಮ ಓಣಿಯಲ್ಲಿ ಇನ್ನೂ ಕೆಲವರು ನಂಬಿಲ್ಲ. ಅತ್ತಿಯಂತೂ ಹೊರಡುವ ಹಿಂದಿನ ರಾತ್ರಿಯೇ ಹೇಳಿದ್ದರು, "ಒಂದ ದಿನದಾಗ ಹೋಗಿ ಬರಾಕ ಕಾರವಾರ ಏನ್ ನವನಗರದಾಗ ಐತೇನು?" ನವನಗರ ನಮ್ಮೂರಿನದ್ದೇ ಬಡಾವಣೆ. ಅವರದ್ದೂ ತಪ್ಪಿಲ್ಲ. ಇದಕ್ಕೂ ಮುಂಚೆ ಮೂರು ಸಲ ನಾನೇ ಸೋತಿದ್ದೆ.

ಮೊದಲನೇ ಸಲ ಬಸ್ಸು. ಅದು ಎಲ್ಲ ಕಡೆ ನಿಂತು ನಿಂತು ಕಾರವಾರ ಮುಟ್ಟಿದಾಗ ಹನ್ನೆರಡರ ಹತ್ತಿರ. ವಾಪಸ್ ಬರುವ ಧೈರ್ಯ ಸಾಲದೆ ಲಾಡ್ಜ್ ಹಿಡಿದೆವು, ಎಲ್ಲ ಸೇರಿ ಎಂಟು ಸಾವಿರ ಹೋಯಿತು. ಎರಡನೇ ಸಲ ಕಾರು, ಆದರೆ ಜೂನ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ ಅನ್ನೋದು ನನಗೆ ಗೊತ್ತಿತ್ತು, ಆದರೂ ಮಳೆಯಲ್ಲಿ ಅರಬೈಲ್ ಘಟ್ಟ ಚೆಂದ ಅಂತ ಹೊರಟೆ. ಘಟ್ಟ ಚೆಂದವೇ ಇತ್ತು. ಮೀನು ಮಾತ್ರ ಐಸಿನಲ್ಲಿ ಎಷ್ಟು ದಿನ ಮಲಗಿತ್ತೋ, ಬಾಯಿಗಿಟ್ಟರೆ ಹತ್ತಿ. ಅದಕ್ಕೆ ಸಾವಿರದ ಇನ್ನೂರು ಕೊಟ್ಟು ಬಂದೆ. ಮೂರನೇ ಸಲ ಭಾನುವಾರ, ಮೊದಲು ಬೀಚ್, ಆಮೇಲೆ ಊಟ ಅಂದುಕೊಂಡೆ. ಎರಡೂವರೆಗೆ ಖಾನಾವಳಿ ಹೊಕ್ಕರೆ ಮೀನೂಟದ ತಾಟು ಮುಗಿದಿತ್ತು. ಆ ದಿನ ಕಾರವಾರದಲ್ಲಿ ಕೂತು ಗೋಬಿ ಮಂಚೂರಿ ತಿಂದವಳು ನಾನೊಬ್ಬಳೇ ಇರಬೇಕು.

ತಪ್ಪು ಎಲ್ಲಿದೆ ಅಂತ ಆಮೇಲೆ ಹೊಳೆಯಿತು. ಎಲ್ಲರೂ ಸೂರ್ಯಾಸ್ತಕ್ಕೆ ಅಂತ ದಿನವನ್ನೇ ಹಿಂದುಮುಂದು ಮಾಡುತ್ತಾರೆ. ಅದನ್ನು ನೋಡಿ ಹೊರಟರೆ ಘಟ್ಟ ಹತ್ತುವಾಗ ಕತ್ತಲು, ಎದುರಿಗೆ ಲಾರಿ, ಟ್ಯಾಂಕರ್. ಅದಕ್ಕೇ ಲಾಡ್ಜ್ ಬೇಕಾಗೋದು. ನಾನು ಸೂರ್ಯಾಸ್ತವನ್ನೇ ಕಿತ್ತು ಹಾಕಿದೆ. ನಮ್ಮನಿಯವರು, "ಸಮುದ್ರಕ್ಕ ಹೋಗಿ ಸೂರ್ಯ ಮುಳುಗೋದು ನೋಡಲಿಲ್ಲಂದ್ರ ಏನ್ ನೋಡಿದಂಗ?" ಅಂದರು. ಸೂರ್ಯ ನಮ್ಮೂರ ಉಣಕಲ್ ಕೆರೆಯ ಮೇಲೂ ಮುಳುಗುತ್ತಾನೆ, ಇಸವಣ ಉಣಕಲ್‌ನಲ್ಲಿ ಸಿಗುವುದಿಲ್ಲ ಅಂದೆ.

ಡಿಸೆಂಬರ್, ಬುಧವಾರ, ನಸುಕಿನ ನಾಲ್ಕೂವರೆ. ಕಲಘಟಗಿ ದಾಟುವವರೆಗೆ ನಾನು ನಿದ್ದೆ. ಯಲ್ಲಾಪುರದಲ್ಲಿ ಚಹಾ ಮಾತ್ರ, ತಿಂಡಿ ಬೇಡ ಅಂತ ಮೊದಲೇ ಕರಾರು. ಘಟ್ಟ ಇಳಿದ ಮೇಲೆ ಗಂಗಾವಳಿ ನದಿ ಕಣ್ಣಿಗೆ ಬೀಳುತ್ತದೆ. ಧಾರವಾಡದ ಸೋಮೇಶ್ವರದ ಹತ್ತಿರ ಹುಟ್ಟುವ ನಮ್ಮ ಶಾಲ್ಮಲೆಯ ನೀರು ಬೇಡ್ತಿ ಸೇರಿ ಈ ದಾರಿಯಲ್ಲೇ ಕಡಲಿಗೆ ಹೋಗೋದು. ಬಾಳೇಗುಳಿ ಕ್ರಾಸಿನಲ್ಲಿ ಬಲಕ್ಕೆ ಹೊರಳಿ, ನೌಕಾನೆಲೆಯ ಗೋಡೆ ಮುಗಿದು, ಸುರಂಗ ದಾಟಿ ಊರು ಹೊಕ್ಕಾಗ ಎಂಟೂ ಕಾಲೋ ಎಂಟೂವರೆಯೋ.

ನೇರ ಮೀನು ಮಾರ್ಕೆಟ್. ಬೇರೆ ಎಲ್ಲೂ ಇಲ್ಲ. ಅಲ್ಲೊಬ್ಬಳು ಅಕ್ಕ, ಮೂಗಿನ ಎರಡೂ ಕಡೆ ನತ್ತು, ಮುಂದೆ ಇಳಿಗೆಮಣೆ. ಅರ್ಧ ಕೊಂಕಣಿ, ಅರ್ಧ ಕನ್ನಡ. ಇಸವಣ ಕೆಜಿಗೆ ಸಾವಿರ ಅಂದಳು. ನಾನು ಮಾತಾಡದೆ ಕಿವಿರು ಎತ್ತಿ ನೋಡಿದೆ, ಹೊಟ್ಟೆ ಒತ್ತಿ ನೋಡಿದೆ. ಒತ್ತಿದ ಕುಳಿ ತಟ್ಟನೆ ಮೇಲೆ ಬಂತು. "ಹುಬ್ಬಳ್ಳಿಯವ್ರು ಮೀನು ನೋಡೂದು ಯಾವಾಗ ಕಲಿತ್ರಿ?" ಅಂತ ನಕ್ಕು ಎಂಟುನೂರಕ್ಕೆ ಬಂದಳು. ಬಂಗುಡೆ ಗುಂಪಿಯಲ್ಲಿ ನೂರಕ್ಕೆ ಐದು, ಒಂದು ಮೇಲೆ ಹಾಕಿಸಿಕೊಂಡೆ. ಅವಳು ಮಾರ್ಕೆಟ್ಟಿನ ಯಾವ ಮೂಲೆಯಲ್ಲಿ ಕೂರುತ್ತಾಳೆ ಅಂತ ದಯವಿಟ್ಟು ಕೇಳಬೇಡಿ.

ಮೀನು ಹುಬ್ಬಳ್ಳಿವರೆಗೆ ತಾಜಾ ತರೋದು ಬೇರೆಯೇ ಕಥೆ. ಮೊದಲು ಮಾಮೂಲಿ ಥರ್ಮಾಕೋಲ್ ಡಬ್ಬಿ, ಮೇಲೆ ಐಸು. ಐಸು ಕರಗಿ ಮೀನು ಆ ನೀರಲ್ಲೇ ಈಜಿ ಮೆತ್ತಗಾಯಿತು. ಐಸಿಗೆ ಉಪ್ಪು ಬೆರೆಸಿದರೆ ಚಳಿ ಜಾಸ್ತಿ ಅಂತ ಒಮ್ಮೆ ಅದನ್ನೂ ಮಾಡಿದೆ. ಚಳಿಯೇನೋ ಜಾಸ್ತಿ, ಆದರೆ ಐಸು ಬೇಗ ಕರಗಿ ಉಪ್ಪುನೀರು ಡಿಕ್ಕಿಯ ಮ್ಯಾಟಿನ ಕೆಳಗೆ ಇಳಿಯಿತು, ಒಂದು ತಿಂಗಳು ವಾಸನೆ, ತೊಳೆಸೋಕೆ ಏಳುನೂರು. ಈಗ ಡಬ್ಬಿಯ ತಳಕ್ಕೆ ನಾಲ್ಕು ತೂತು, ಕೆಳಗೆ ಸ್ಟೀಲ್ ಪರಾತ, ಮೀನು ಪ್ಲಾಸ್ಟಿಕ್ ಚೀಲದಲ್ಲಿ, ಪುಡಿ ಐಸು ಕೆಳಗೂ ಮೇಲೂ. ಮೇಲಿನ ಐಸಿನ ಮೇಲೆ ಇನ್ನೊಂದು ಹಾಕುತ್ತೇನೆ. ಅದೇನು ಅನ್ನೋ ಗುಟ್ಟು ನನ್ನ ಹತ್ತಿರವೇ ಇರಲಿ.

ಅಲ್ಲಿಂದ ಟ್ಯಾಗೋರ್ ಕಡಲತೀರ. 1880ರ ದಶಕದ ಆರಂಭದಲ್ಲಿ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ರವೀಂದ್ರರು ಬಂದು ಉಳಿದಿದ್ದರು, ಹೆಸರು ಅದಕ್ಕೇ. ವಾರದ ದಿನ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ನಾವಿಬ್ಬರು, ನಾಲ್ಕು ನಾಯಿ, ಅಷ್ಟೇ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಇಷ್ಟು ಹೊತ್ತು ಫೋನ್ ಮುಟ್ಟದೆ ಇಬ್ಬರೂ ಸುಮ್ನೆ ನಡೆದದ್ದು ಅದೇ ಮೊದಲು. ಪಕ್ಕದಲ್ಲೇ ಐಎನ್‌ಎಸ್ ಚಪಲ್, ರಷ್ಯಾದಲ್ಲಿ ಕಟ್ಟಿದ ಕ್ಷಿಪಣಿ ದೋಣಿ, 2006ರಿಂದ ಮ್ಯೂಸಿಯಂ. ಬಾಗಿಲು ತೆಗೆದ ಕೂಡಲೇ ಹೊಕ್ಕೆವು. ಒಳಗಿನ ಮೆಟ್ಟಿಲಲ್ಲಿ ನಮ್ಮನಿಯವರ ತಲೆ ಎರಡು ಸಲ ಬಡಿಯಿತು. ಈಗ ಅದರ ಜೊತೆ ನೌಕಾಪಡೆಯ ಟುಪೊಲೆವ್ ವಿಮಾನವೂ ಇದೆ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗಲೇ ಖಾನಾವಳಿ. ಇಡೀ ಗುಟ್ಟು ಇದೇ ನೋಡಿ, ಮೊದಲ ಪಂಕ್ತಿ. ಬಂಗುಡೆ ಸಾರು ಬಿಸಿಯಾಗಿರುತ್ತದೆ, ತಿಸ್ರೆ (ಚಿಪ್ಪಿನ ಮೀನು) ಸುಕ್ಕೆ ಖಾಲಿಯಾಗಿರುವುದಿಲ್ಲ, ರವಾ ಫ್ರೈ ಹೊಸ ಎಣ್ಣೆಯಲ್ಲಿ ಬರುತ್ತದೆ. ನಮ್ಮ ಕಡೆಯ ಸಾವಜಿ ಅಡುಗೆಯ ಖಾರ ತಿಂದು ಬೆಳೆದವಳು ನಾನು, ಇದೇನು ಖಾರ ಅಂತ ಸಾರಿನಲ್ಲಿ ಘಮಕ್ಕೆ ಹಾಕಿದ್ದ ತೆಪ್ಪಳದ ಕಾಯಿಯನ್ನು ಕಚ್ಚಿಬಿಟ್ಟೆ. ನಾಲಿಗೆ ಐದು ನಿಮಿಷ ಜುಮ್ ಅಂತ ಮರಗಟ್ಟಿತು. ಬಡಿಸುವ ಹುಡುಗ ಏನೂ ಹೇಳದೆ ಕೋಕಂ, ತೆಂಗಿನ ಹಾಲಿನ ಸೋಲ್ ಕಡಿಯ ಲೋಟ ತಂದಿಟ್ಟ, ನನ್ನಂಥವರನ್ನು ಬಹಳ ನೋಡಿರಬೇಕು. ಎರಡು ತಾಟು, ಮೇಲೆ ಇಸವಣ ಒಂದು ತುಂಡು, ಒಂದು ಪ್ಲೇಟು ಸಿಗಡಿ, ಒಂಬೈನೂರರ ಒಳಗೆ. ಖಾನಾವಳಿ ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ಸಲ ನನಗೇ ಜಾಗ ಸಿಗಲ್ಲ.

ಊಟ ಆದ ಮೇಲೆ ಸದಾಶಿವಗಡ. ಸೋದೆಯ ಅರಸ ತಂದೆಯ ಹೆಸರಲ್ಲಿ ಕಟ್ಟಿಸಿದ ಕೋಟೆ, ಈಗ ಹೆದ್ದಾರಿ ಆ ಗುಡ್ಡವನ್ನೇ ಸೀಳಿಕೊಂಡು ಹೋಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹತ್ತಿದ್ದು ನನ್ನದೇ ತಪ್ಪು, ಆದರೆ ಮೇಲಿಂದ ಕಾಳಿ ನದಿ ಕಡಲು ಸೇರೋದು ಪೂರ್ತಿ ಕಾಣುತ್ತದೆ. 2024ರ ಆಗಸ್ಟ್ 7ರ ಬೆಳಗಿನ ಜಾವ ಹಳೆ ಸೇತುವೆ ಕುಸಿದು ಲಾರಿ ಸಮೇತ ಬಿದ್ದದ್ದು ಇಲ್ಲೇ, ಡ್ರೈವರ್ ಬದುಕಿದ. ತೀಳಮಾತಿ ಬೀಚಿನ ಕಪ್ಪು ಮರಳು ನೋಡುವ ಆಸೆ ಇತ್ತು, ಗಡಿಯಾರ ನೋಡಿ ಬಿಟ್ಟೆ.

ಮೂರೂವರೆಗೆ ಹೊರಟೆವು. ಘಟ್ಟ ಬೆಳಕಿರುವಾಗಲೇ ಹತ್ತಿದೆವು, ಎಂಟೂವರೆಗೆ ಮನೆ. ಪೆಟ್ರೋಲ್, ಟೋಲ್ ಸೇರಿ ಎರಡು ಸಾವಿರದ ಮುನ್ನೂರು, ಮನೆಗೆ ತಂದ ಮೀನು ಸಾವಿರದ ಇನ್ನೂರು, ಊಟ, ಚಿಲ್ಲರೆ ಎಲ್ಲ ಹಿಡಿದರೂ ನಾಲ್ಕೂವರೆ ಸಾವಿರ ದಾಟಿಲ್ಲ.

ಡಬ್ಬಿ ತೆಗೆದರೆ ಇನ್ನೂ ಐಸು ಇತ್ತು. ಇಸವಣದ ಎರಡು ತುಂಡಿಗೆ ಸಾವಜಿ ಮಸಾಲಿ ಹಚ್ಚಿ ಕರಿದು ನೋಡಿದೆ, ಲವಂಗ, ಕೊಬ್ಬರಿ ಬಿಟ್ಟರೆ ಮೀನಿನ ರುಚಿಯೇ ಇಲ್ಲ, ಮಟನ್ನಿಗೇ ಇರಲಿ ಅದು. ಬಂಗುಡೆಗೆ ಬರೀ ಉಪ್ಪು, ಖಾರ, ಹುಣಸೆಹಣ್ಣು, ರವೆ. ನವನಗರದ ಮಾತಾಡಿದ್ದ ಅತ್ತಿ ಒಂದು ಪೂರ್ತಿ ಬಂಗುಡೆ ಮುಗಿಸಿ, ಇನ್ನೊಂದಕ್ಕೆ ಕೈ ಹಾಕುತ್ತ, "ಉಪ್ಪು ಒಂಚೂರು ಕಡಿಮಿ ಆಗೇತಿ ನೋಡವಾ" ಅಂದರು.