ರಿಪೋರ್ಟಿನ ಹೆಸರು ಒಂದೇ, ತೊಡಕು ಬೇರೆ

ನಾನು ಮೈಸೂರಿನಲ್ಲಿ ವಿಶೇಷ ಶಿಕ್ಷಕಿ. ನನ್ನ ಹತ್ತಿರ ಬರುವ ಮಕ್ಕಳ ಕೈಯಲ್ಲಿ ಸಾಮಾನ್ಯವಾಗಿ ಒಂದು ರಿಪೋರ್ಟ್ ಇರುತ್ತದೆ. ಡಿಸ್‌ಲೆಕ್ಸಿಯಾ (ಓದು-ಬರಹದ ತೊಡಕು), ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ), ಡಿಸ್‌ಕ್ಯಾಲ್ಕುಲಿಯಾ (ಲೆಕ್ಕದ ತೊಡಕು), ಹೀಗೆ ಏನೋ ಒಂದು ಹೆಸರು. ಅದನ್ನು ಜೋಪಾನವಾಗಿಡಿ ಎನ್ನುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಬೇಕಾದರೆ ಆ ಕಾಗದ ಬೇಕೇ ಬೇಕು. ಆದರೆ ನಾಳೆ ಮಗುವಿಗೆ ಏನು ಕಲಿಸಬೇಕು ಅಂತ ಅದರಲ್ಲಿ ಇರುವುದಿಲ್ಲ.

ನಾಲ್ಕನೇ ತರಗತಿಯ ಇಬ್ಬರು ಹುಡುಗರು ಬಂದರು. ಇಬ್ಬರಿಗೂ ಡಿಸ್‌ಲೆಕ್ಸಿಯಾ. ಉಕ್ತಲೇಖನ ಕೊಟ್ಟೆ. ಮೊದಲನೆಯವನು ಹಳ್ಳಿಗೆ 'ಹಳಿ', ಬಳ್ಳಿಗೆ 'ಬಳಿ' ಎಂದು ಬರೆದ. ಒತ್ತು ಅವನ ಕಿವಿಗೇ ಬೀಳುತ್ತಿರಲಿಲ್ಲ. ಎರಡನೆಯವನು ಬಿಡಿ ಪದ ಎಲ್ಲ ಸರಿಯಾಗಿ ಬರೆದ. ವಾಕ್ಯ ಹೇಳಿದರೆ ಮಾತ್ರ ಕೊನೆಯ ಪದಗಳು ಮಾಯ. ಬರೆಯುವಷ್ಟರಲ್ಲಿ ತಲೆಯಿಂದ ಜಾರಿಹೋಗುತ್ತಿದ್ದವು.

ಅದೇ ಹೊತ್ತಿಗೆ ಎಡಿಎಚ್‌ಡಿ ಎಂದು ಒಬ್ಬಳು ಬಂದಳು. ಒಳಗೆ ಹೋಗಿ ಚೊಂಬು ತಂದು ಕಿಟಕಿ ಹತ್ತಿರ ಇಡು ಅಂದರೆ, ಒಳಗೆ ಹೋಗಿ ಸುಮ್ನೆ ನಿಲ್ಲುತ್ತಿದ್ದಳು. "ಗಮನಾನೇ ಇಲ್ಲ ಮೇಡಂ" ಎಂದರು ಅಮ್ಮ. ಒಂದೊಂದಾಗಿ ಹೇಳಿದಾಗ ಎಲ್ಲ ಮಾಡಿದಳು. ಅಂದರೆ ಅವಳ ತೊಡಕೂ ಎರಡನೇ ಹುಡುಗನದೇ: ಕೇಳಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದೆ. ವಾಕ್ಯ ತುಂಡು ಮಾಡಿ ಹೇಳುವುದು, ಲೆಕ್ಕದ ನಡುವಿನ ಹೆಜ್ಜೆಗಳನ್ನು ಪಕ್ಕದಲ್ಲೇ ಬರೆದಿಟ್ಟುಕೊಳ್ಳುವುದು, ಇಬ್ಬರಿಗೂ ಇದೇ ಅಭ್ಯಾಸ. ಮೊದಲನೆಯವನಿಗೆ ಬೇರೆ ಕೆಲಸ: ಕಡಿ–ಕಡ್ಡಿ, ಬಳಿ–ಬಳ್ಳಿ ಅಂತ ಜೋಡಿ ಪದ ಕೇಳಿಸಿ ಚಿತ್ರ ಮುಟ್ಟಿಸುವುದು. ವ್ಯತ್ಯಾಸ ಕಿವಿಗೆ ಬಿದ್ದ ಮೇಲೇ ಪೆನ್ಸಿಲ್.

ಇದು ನನ್ನೊಬ್ಬಳ ಕಣ್ಣಿಗೆ ಬಿದ್ದದ್ದಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸಂಶೋಧಕರಾದ ಡಂಕನ್ ಆಸಲ್, ಜೋನಿ ಹೋಮ್ಸ್ ಮತ್ತಿತರರು ಕಲಿಕೆಯಲ್ಲಿ ಕಷ್ಟಪಡುವ ನೂರಾರು ಮಕ್ಕಳನ್ನು ರಿಪೋರ್ಟಿನ ಹೆಸರು ನೋಡದೆ ಪರೀಕ್ಷಿಸಿದರು. ನೆನಪು, ಪದದ ಸದ್ದು ಬಿಡಿಸುವುದು, ಇಂಥ ಸಾಮರ್ಥ್ಯಗಳ ಮೇಲೆ ಕಂಪ್ಯೂಟರ್ ಮಾಡಿದ ಗುಂಪುಗಳಿಗೂ ಮಕ್ಕಳಿಗಿದ್ದ ಹೆಸರುಗಳಿಗೂ ತಾಳೆಯಾಗಲಿಲ್ಲ.

ಕನ್ನಡದಲ್ಲಿ ಇನ್ನೊಂದು ಎಚ್ಚರ ಬೇಕು. ಕಾಗುಣಿತ, ಒತ್ತು ಸೇರಿದರೆ ಮಗು ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಓದಿನ ಬಗ್ಗೆ ಸೋನಾಲಿ ನಾಗ್ ಅವರು ಮಾಡಿದ ಸಂಶೋಧನೆ ಹೇಳುವಂತೆ, ತೊಂದರೆಯಿಲ್ಲದ ಮಕ್ಕಳೂ ನಾಲ್ಕನೇ ತರಗತಿವರೆಗೆ ಅಕ್ಷರ ಕಲಿಯುತ್ತಲೇ ಇರುತ್ತಾರೆ. ಎರಡನೇ ತರಗತಿಯ ಮಗು ಒತ್ತಕ್ಷರ ಬಿಟ್ಟಿತು ಅಂತ ಓಡಿಬರುವ ಪೋಷಕರೇ ಜಾಸ್ತಿ. ಅವರಿಗೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ ಎನ್ನುತ್ತೇನೆ. ಮನೆಮಾತು ಉರ್ದು, ಶಾಲೆ ಇಂಗ್ಲಿಷ್ ಮೀಡಿಯಂ ಆಗಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ.

ಕೊನೆಗೆ ತರಗತಿಯ ಟೀಚರ್‌ಗೆ ಅರ್ಧ ಪುಟದ ಚೀಟಿ ಕಳಿಸುತ್ತೇನೆ. 'ಉಕ್ತಲೇಖನದಲ್ಲಿ ಮೂರು ಮೂರು ಪದ ಹೇಳಿ. ಹೋಮ್‌ವರ್ಕ್ ಬೋರ್ಡಿನಿಂದ ಬೇಗ ಅಳಿಸಬೇಡಿ.' ತರಗತಿ ತುಂಬ ಮಕ್ಕಳಿರುವಾಗ ಉದ್ದನೆಯ ರಿಪೋರ್ಟ್ ಓದಲು ಅವರಿಗೆಲ್ಲಿ ಪುರುಸೊತ್ತು? ಚೀಟಿಯನ್ನಂತೂ ಓದುತ್ತಾರೆ.