ಗಿಡ್ಡ ಬ್ಯಾರಲ್‌ನ .308 ರೈಫಲ್‌ಗೆ ಜಿಂಕೆ ಬೇಟೆಯ ಗುಂಡು ಆರಿಸುವುದು

ಕಾಡತೂಸಿನ ಡಬ್ಬಿಯ ಮೇಲೆ ಅಚ್ಚಾದ ವೇಗ ಸಾಮಾನ್ಯವಾಗಿ 24 ಇಂಚಿನ ಪರೀಕ್ಷಾ ಬ್ಯಾರಲ್‌ನಲ್ಲಿ ಅಳೆದದ್ದು. ನಿಮ್ಮ ಬ್ಯಾರಲ್ 16 ಇಂಚಿದ್ದರೆ ಆ ಅಂಕಿಯನ್ನು ನಂಬಿ ದೂರ ಲೆಕ್ಕ ಹಾಕಬೇಡಿ. .308 ವಿಂಚೆಸ್ಟರ್ ಕಾಡತೂಸಿನಲ್ಲಿ ಬ್ಯಾರಲ್ ಒಂದಿಂಚು ಕಡಿಮೆಯಾದರೆ ವೇಗ ಸೆಕೆಂಡಿಗೆ ಸುಮಾರು 20ರಿಂದ 30 ಅಡಿ ಇಳಿಯುತ್ತದೆ. ಡಬ್ಬಿಯಲ್ಲಿ 2,700 ಅಡಿ ಎಂದಿರುವ 165 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ನಿಮ್ಮ ಕೈಯಲ್ಲಿ ಹೆಚ್ಚುಕಡಿಮೆ 2,500ಕ್ಕೆ ಬರುತ್ತದೆ.

ಈ ಬರಹ ಅಮೆರಿಕದಲ್ಲಿ ಪರವಾನಗಿ ಪಡೆದು ಬೇಟೆಯಾಡುವ ಕನ್ನಡಿಗರಿಗಾಗಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ರೈಫಲ್ ಬ್ಯಾರಲ್ 16 ಇಂಚಿಗಿಂತ ಗಿಡ್ಡವಾದರೆ ಮೊದಲೇ ನೋಂದಣಿ ಆಗಬೇಕು. ಮುಚ್ಚಿದ ಬೋಲ್ಟ್‌ನ ಮುಖದಿಂದ ಬ್ಯಾರಲ್ ತುದಿಯವರೆಗೆ ಅಳೆಯುತ್ತಾರೆ. ತಿರುಗಿಸಿ ಬಿಚ್ಚಬಹುದಾದ ತುದಿಯ ಸಾಧನ ಲೆಕ್ಕಕ್ಕಿಲ್ಲ. ರಾಜ್ಯದ ನಿಯಮ ಇದಕ್ಕಿಂತ ಬಿಗಿಯಾಗಿರಬಹುದು.

200 ಅಡಿ ವೇಗ ಹೋದ ಮಾತ್ರಕ್ಕೆ ಗುಂಡು ದುರ್ಬಲವಾಗುವುದಿಲ್ಲ. ತೊಂದರೆ ಇರುವುದು ಗುಂಡು ಅರಳುವುದರಲ್ಲಿ, ಅಂದರೆ ಪ್ರಾಣಿಗೆ ತಾಗಿದಾಗ ಅದರ ಮೂತಿ ಅಗಲವಾಗುವುದರಲ್ಲಿ. ಸೀಸದ ಒಳತಿರುಳಿನ ಬೇಟೆ ಗುಂಡುಗಳಲ್ಲಿ ಹೆಚ್ಚಿನವು ಪ್ರಾಣಿಗೆ ತಾಗುವಾಗ ಸೆಕೆಂಡಿಗೆ 1,800 ಅಡಿಯಾದರೂ ವೇಗ ಕೇಳುತ್ತವೆ. ಇಡೀ ತಾಮ್ರದ ಗುಂಡುಗಳಿಗೆ 2,000 ಅಡಿ ಇದ್ದರೆ ಧೈರ್ಯ. ಅದಕ್ಕಿಂತ ಇಳಿದರೆ ಗುಂಡು ಅರಳದೆ ಪೆನ್ಸಿಲ್ ದಪ್ಪದ ತೂತು ಮಾಡಿ ಆಚೆ ಹೋಗುತ್ತದೆ. ಗಾಯಗೊಂಡ ಜಿಂಕೆ ಕಾಡೊಳಗೆ ಓಡಿ ನರಳುತ್ತದೆ. ಹಾಗಾಗಬಾರದು. ಆದ್ದರಿಂದ ತಯಾರಕರು ಹೇಳಿದ ಕನಿಷ್ಠ ತಾಗುವ ವೇಗವನ್ನು ಮೊದಲು ಹುಡುಕಿ, ಬೆಲೆಯನ್ನು ಆಮೇಲೆ ನೋಡಿ.

ಲೆಕ್ಕ ಸುಲಭ. ಈ ತೂಕದ ಗುಂಡು ಮೊದಲ ಕೆಲವು ನೂರು ಗಜಗಳಲ್ಲಿ ಪ್ರತಿ 100 ಗಜಕ್ಕೆ ಸುಮಾರು 200 ಅಡಿ ವೇಗ ಕಳೆದುಕೊಳ್ಳುತ್ತದೆ. ಗಿಡ್ಡ ಬ್ಯಾರಲ್‌ನಿಂದ ನಿಮಗಾಗುವ ನಷ್ಟವೂ ಅಷ್ಟೇ ಆಗಿರುವುದರಿಂದ ಡಬ್ಬಿಯ ಪಟ್ಟಿಯನ್ನು ಒಂದು ಸಾಲು ಸರಿಸಿ ಓದಿ: ಅಲ್ಲಿ 300 ಗಜಕ್ಕೆ ಬರೆದ ವೇಗ ನಿಮಗೆ 200 ಗಜದಲ್ಲೇ ಬರುತ್ತದೆ. 2,500 ಅಡಿಯಿಂದ ಹೊರಟ 165 ಗ್ರೇನ್ ಗುಂಡು 2,000 ಅಡಿಗೆ ಇಳಿಯುವುದು ಸುಮಾರು 270 ಗಜದ ಹತ್ತಿರ, 1,800ಕ್ಕೆ ಇಳಿಯುವುದು 380ರ ಆಸುಪಾಸು. ಗುಂಡಿನ ಆಕಾರ, ಸಮುದ್ರಮಟ್ಟದಿಂದ ಎತ್ತರ, ಚಳಿಗೆ ತಕ್ಕಂತೆ ಇದು ಬದಲಾಗುತ್ತದೆ. ಕೊನೆಯ 50 ಗಜವನ್ನು ಬಿಟ್ಟುಬಿಡುವುದೇ ಸರಿ.

ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ, ಹಾಗಾಗಿ ಅಲ್ಲಿ ತಾಮ್ರದ್ದೇ ಗತಿ. ಗಿಡ್ಡ ಬ್ಯಾರಲ್‌ಗೆ ಹಗುರ ತಾಮ್ರ ಒಳ್ಳೆಯದು: 165 ಅಥವಾ 180ರ ಬದಲು 130 ಇಲ್ಲವೇ 150 ಗ್ರೇನ್. ತಾಮ್ರ ಒಳಗೆ ಚೂರಾಗದೆ ತೂಕ ಉಳಿಸಿಕೊಳ್ಳುವುದರಿಂದ ಹಗುರವಾದರೂ ಆಳಕ್ಕೆ ಇಳಿಯುತ್ತದೆ, ವೇಗ ಹೆಚ್ಚಿರುವುದರಿಂದ ಅರಳುತ್ತದೆ. ಸೀಸ ಬಳಸಬಹುದಾದ ಕಡೆ 150ರಿಂದ 165 ಗ್ರೇನ್‌ನ, ಕಡಿಮೆ ವೇಗದಲ್ಲೂ ಅರಳುವಂಥ ಗುಂಡು ಸಾಕು. ಹೆಚ್ಚು ಮದ್ದು ಹಿಡಿಯುವ ಮ್ಯಾಗ್ನಮ್ ಕಾಡತೂಸಿನ ರೈಫಲ್‌ಗಳ ಬ್ಯಾರಲ್ ಗಿಡ್ಡ ಮಾಡುವುದು ನಮಗೆ ಸರಿ ಕಾಣುವುದಿಲ್ಲ: ದೊಡ್ಡ ಕೇಸಿನ ಮದ್ದು ಬ್ಯಾರಲ್ ಹೊರಗೆ ಉರಿದು ಬೆಳಕು, ಸದ್ದು ಹೆಚ್ಚುತ್ತವೆ, ಇಂಚಿಗಿಷ್ಟು ಎಂದು ಕಳೆದುಹೋಗುವ ವೇಗವೂ ಹೆಚ್ಚು.

ಗಿಡ್ಡ ಬ್ಯಾರಲ್‌ಗೆ ಬೇಗ ಉರಿಯುವ ಮದ್ದೇ ವೇಗ ಕೊಡುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಉದ್ದದ ಬ್ಯಾರಲ್‌ನಲ್ಲಿ ಹೆಚ್ಚು ವೇಗ ಕೊಟ್ಟ ಮದ್ದೇ ಸಾಮಾನ್ಯವಾಗಿ ಗಿಡ್ಡದರಲ್ಲೂ ಮುಂದಿರುತ್ತದೆ. ಬೇಗ ಉರಿಯುವುದರಿಂದ ಸಿಗುವ ಲಾಭ ಕಡಿಮೆ ಬೆಳಕು ಮಾತ್ರ. ಕಿವಿಗೆ ರಕ್ಷಣೆ ಕಡ್ಡಾಯ.

ಎರಡು ಮೂರು ಬಗೆಯ ಕಾಡತೂಸುಗಳನ್ನು ಒಂದೊಂದು ಡಬ್ಬಿ ತನ್ನಿ. ಪ್ರತಿಯೊಂದರಲ್ಲಿ 10 ಗುಂಡು ವೇಗ ಅಳೆಯುವ ಕ್ರೊನೊಗ್ರಾಫ್‌ನ ಮುಂದೆ ಹಾರಿಸಿ ಸರಾಸರಿ ಬರೆದಿಟ್ಟುಕೊಳ್ಳಿ. ಆಮೇಲೆ 100 ಗಜದಲ್ಲಿ, ಬ್ಯಾರಲ್ ತಣಿಸುತ್ತಾ, ಮೂರು ಮೂರು ಗುಂಡಿನ ಗುಂಪು, ಅಂದರೆ ತೂತುಗಳು ಎಷ್ಟು ಹತ್ತಿರ ಬೀಳುತ್ತವೆ ಎಂದು, ನೋಡಿ. ಬ್ಯಾರಲ್ ಕತ್ತರಿಸಿದ್ದರೆ ತುದಿಯ ಅಂಚನ್ನು ಗನ್‌ಸ್ಮಿತ್ ಹೊಸದಾಗಿ ಕಡೆದಿರಬೇಕು. ಇಲ್ಲದಿದ್ದರೆ ಯಾವ ಗುಂಡು ಹಾಕಿದರೂ ಗುಂಪು ಹರಡುತ್ತದೆ, ನೀವು ಕಾಡತೂಸನ್ನು ಬೈಯುತ್ತೀರಿ. ಗೆದ್ದ ಗುಂಡಿಗೆ ಸ್ಕೋಪ್ ಹೊಸದಾಗಿ ಜೀರೋ ಮಾಡಿ (ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿ), ಬೇಟೆಗೆ ಹೋಗುವ ತಿಂಗಳ ಚಳಿಯಲ್ಲಿ ವೇಗವನ್ನು ಇನ್ನೊಮ್ಮೆ ಅಳೆಯಿರಿ, ಏಕೆಂದರೆ ತಣ್ಣಗಾದ ಮದ್ದು ನಿಧಾನ.