‘ಓಪನ್ ದ ಲೈಟ್’ ಅನ್ನುವ ಚೀನೀ ವಿದ್ಯಾರ್ಥಿಗೆ ‘ಓಪನ್’ ಕಲಿಸುವ ಬಗೆ

ಚೀನೀ ಮಾತೃಭಾಷೆಯವರಿಗೆ ಇಂಗ್ಲಿಷ್ ಹೇಳಿಕೊಡಲು ಕೂತರೆ ಬಲುಬೇಗ ಕಿವಿಗೆ ಬೀಳುವ ವಾಕ್ಯ ‘ಪ್ಲೀಸ್ ಓಪನ್ ದ ಲೈಟ್’. ಅದರ ಬೆನ್ನಿಗೇ ‘ಕ್ಲೋಸ್ ದ ಟಿವಿ’. ಕೆಂಪು ಗೆರೆ ಎಳೆದು ‘ಟರ್ನ್ ಆನ್’ ಎಂದು ಬರೆದುಕೊಟ್ಟರೆ ಆ ಹೊತ್ತಿಗೆ ತಿದ್ದಿಕೊಳ್ಳುತ್ತಾರೆ, ಮರುದಿನ ‘ಓಪನ್ ದ ಎಸಿ’ ಅನ್ನುತ್ತಾರೆ. ‘ಟರ್ನ್ ಆನ್’ ಅವರಿಗೆ ಗೊತ್ತಿಲ್ಲ ಎಂದಲ್ಲ. ಇಂಗ್ಲಿಷಿನಲ್ಲಿ ಹತ್ತು ಹನ್ನೆರಡು ಕ್ರಿಯಾಪದಗಳು ಹಂಚಿಕೊಂಡಿರುವ ಕೆಲಸವನ್ನು ಅವರ ಭಾಷೆಯಲ್ಲಿ ಒಂದೇ ಪದ ಮಾಡುತ್ತದೆ. ಆ ಪದದ ಪರಿಚಯ ಮಾಡಿಕೊಳ್ಳದೆ ‘ಓಪನ್’ ಕಲಿಸಲು ಹೊರಟರೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಆ ಪದ ‘ಖಾಯ್’. ಮಹಾಪ್ರಾಣದ ಖ, ಸ್ವರ ಎತ್ತರದಲ್ಲಿ ಏರಿಳಿತವಿಲ್ಲದೆ ನಿಲ್ಲಬೇಕು. ಹಳೆಯ ಲಿಪಿಯಲ್ಲಿ ಇದಕ್ಕೆ 12 ಗೆರೆ. ಎರಡು ಕದದ ಬಾಗಿಲು, ಅದರೊಳಗೆ ಅಗುಳಿ ಸರಿಸುತ್ತಿರುವ ಕೈಗಳು. ಚೀನಾದಲ್ಲಿ ಈಗ ಬಳಕೆಯಲ್ಲಿರುವ ಸರಳ ಲಿಪಿಯಲ್ಲಿ ಬಾಗಿಲು ಹೋಗಿ 4 ಗೆರೆ ಉಳಿದಿದೆ. ಅರ್ಥವೂ ಬಾಗಿಲನ್ನು ದಾಟಿ ಎಷ್ಟೋ ದೂರ ಬಂದಿದೆ. ‘ಖಾಯ್ ಮನ್’ ಅಂದರೆ ಬಾಗಿಲು ತೆಗೆಯುವುದು, ‘ಖಾಯ್ ತಂಗ್’ ದೀಪ ಹಾಕುವುದು, ‘ಖಾಯ್ ಛ’ ಗಾಡಿ ಓಡಿಸುವುದು, ‘ಖಾಯ್ ಹ್ವೇ’ ಮೀಟಿಂಗ್ ನಡೆಸುವುದು, ‘ಖಾಯ್ ಯಾವ್’ ವೈದ್ಯರು ಔಷಧಿ ಬರೆದುಕೊಡುವುದು. ಹೂವು ಅರಳುವುದು, ನೀರು ಕುದಿಯುವುದು, ಶಾಲೆ ಶುರುವಾಗುವುದು, ರಸೀದಿ ಹರಿಯುವುದು, ವಿಮಾನ ಹಾರಿಸುವುದು, ತಮಾಷೆ ಮಾಡುವುದು ಎಲ್ಲಕ್ಕೂ ಅದೇ ‘ಖಾಯ್’. ಇದಕ್ಕೆ ಎದುರು ‘ಕ್ವಾನ್’. ಬಾಗಿಲು ಮುಚ್ಚುವುದಕ್ಕೂ ಅದೇ, ದೀಪ ಆರಿಸುವುದಕ್ಕೂ ಅದೇ.

ಕನ್ನಡಿಗ ಶಿಕ್ಷಕರಿಗೆ ಇದು ವಿಚಿತ್ರ ಅನ್ನಿಸಬಾರದು. ನಾವು ‘ಬಾಗಿಲು ಹಾಕು’ ಅಂದರೆ ಮುಚ್ಚಬೇಕು, ‘ಲೈಟ್ ಹಾಕು’ ಅಂದರೆ ಬೆಳಕಾಗಬೇಕು. ಬೆಂಗಳೂರಿನ ಇಂಗ್ಲಿಷಿನಲ್ಲಿ ‘ಪುಟ್ ದ ಫ್ಯಾನ್’ ಹುಟ್ಟಿದ್ದು ಈ ‘ಹಾಕು’ವಿನಿಂದಲೇ. ‘ಓಪನ್ ದ ಲೈಟ್’ ಹುಟ್ಟುವ ದಾರಿಯೂ ಅದೇ. ಇದನ್ನು ವಿದ್ಯಾರ್ಥಿಗೆ ಮೊದಲೇ ಹೇಳಿಬಿಡಿ. ತನ್ನ ತಪ್ಪಿಗೆ ಕಾರಣ ದಡ್ಡತನವಲ್ಲ, ತನ್ನ ಭಾಷೆಯ ಲೆಕ್ಕಾಚಾರ ಎಂದು ತಿಳಿದ ಮೇಲೆ ಬಾಯಿ ಬಿಟ್ಟು ಮಾತಾಡಲು ಹೆದರುವುದಿಲ್ಲ.

ಮೊದಲ ಪಾಠದಲ್ಲಿ ಕ್ರಿಯಾಪದ ಬೇಡ, ವಸ್ತುಗಳನ್ನು ಮುಂದಿಡಿ. ಊಟದ ಡಬ್ಬಿ, ನೀರಿನ ಬಾಟಲಿ, ಛತ್ರಿ, ಪುಸ್ತಕ, ಟಾರ್ಚ್, ಫ್ಯಾನಿನ ಸ್ವಿಚ್, ಆಟಿಕೆ ಕಾರು, ಕೆಟಲ್: ಎಂಟು ಸಾಕು. ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ‘ಮುಚ್ಚಿದ್ದು ಬಿಚ್ಚಿಕೊಂಡು ಒಳಗು ಕಾಣುತ್ತದೆಯೇ, ಅಥವಾ ದಾರಿಯಾಗುತ್ತದೆಯೇ?’ ಹೌದಾದರೆ ‘ಓಪನ್’. ಡಬ್ಬಿ, ಬಾಟಲಿ, ಛತ್ರಿ, ಪುಸ್ತಕ ಈ ಕಡೆ ಬಂದವು. ಯಂತ್ರ ಕೆಲಸ ಶುರುಮಾಡಿತು ಅಷ್ಟೇ, ಏನೂ ಬಿಚ್ಚಿಕೊಳ್ಳಲಿಲ್ಲ ಅಂದರೆ ‘ಟರ್ನ್ ಆನ್’. ಕೂತು ಓಡಿಸುವುದಾದರೆ ‘ಡ್ರೈವ್’, ವಿಮಾನವಾದರೆ ‘ಫ್ಲೈ’. ನೀರಾದರೆ ‘ಬಾಯ್ಲ್’.

ಟಾರ್ಚನ್ನು ಕೈಯಲ್ಲಿ ಹಿಡಿಸಿ ಎರಡೂ ಮಾಡಿಸಿ. ಹಿಂದಿನ ಮುಚ್ಚಳ ತಿರುಗಿಸಿ ಸೆಲ್ ಹೊರಗೆ ತೆಗೆದರೆ ‘ಓಪನ್ ದ ಟಾರ್ಚ್’. ಗುಂಡಿ ಒತ್ತಿ ಬೆಳಕು ಬಂದರೆ ‘ಟರ್ನ್ ಆನ್ ದ ಟಾರ್ಚ್’. ಒಂದೇ ವಸ್ತು, ಎರಡು ಕೆಲಸ, ಎರಡು ಕ್ರಿಯಾಪದ. ಅರ್ಧ ಗಂಟೆಯ ವ್ಯಾಕರಣಕ್ಕಿಂತ ಈ ಒಂದು ನಿಮಿಷ ಹೆಚ್ಚು ಕೆಲಸ ಮಾಡುತ್ತದೆ. ಕಂಪ್ಯೂಟರಿಗೂ ಇದೇ ಲೆಕ್ಕ: ‘ಓಪನ್ ದ ಕಂಪ್ಯೂಟರ್’ ಅಂದರೆ ಸ್ಕ್ರೂ ಬಿಚ್ಚಿ ಕವಚ ತೆಗೆಯುವುದು, ಆದರೆ ‘ಓಪನ್ ದ ಫೈಲ್’, ‘ಓಪನ್ ದ ಆ್ಯಪ್’ ಸರಿ.

‘ಟರ್ನ್ ಆನ್’ ಕಲಿಸುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ‘ಟರ್ನ್ ಆನ್ ದ ಲೈಟ್’, ‘ಟರ್ನ್ ದ ಲೈಟ್ ಆನ್’ ಎರಡೂ ನಡೆಯುತ್ತವೆ. ಸರ್ವನಾಮ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆನ್’. ‘ಟರ್ನ್ ಆನ್ ಇಟ್’ ತಪ್ಪು. ಚೀನೀಯಲ್ಲಿ ಕ್ರಿಯಾಪದದ ಬೆನ್ನಿಗೇ ಕರ್ಮ ಬರುವುದು ವಾಡಿಕೆ, ಹಾಗಾಗಿ ಈ ತಪ್ಪು ಮತ್ತೆ ಮತ್ತೆ ಮರಳುತ್ತದೆ. ಪ್ರತಿ ವಾಕ್ಯವನ್ನೂ ‘ಇಟ್’ ಹಾಕಿ ಇನ್ನೊಮ್ಮೆ ಹೇಳಿಸಿ.

ಇನ್ನು ಕೆಲವು ವಾಕ್ಯಗಳು ವ್ಯಾಕರಣದಲ್ಲಿ ಸರಿಯಿದ್ದೇ ಅರ್ಥ ಕೆಡಿಸುತ್ತವೆ, ಕೇಳಿದವರಿಗೆ ತಪ್ಪು ಎಂದೂ ಗೊತ್ತಾಗುವುದಿಲ್ಲ. ‘ದ ಡಾಕ್ಟರ್ ಓಪನ್ಡ್ ದ ಮೆಡಿಸಿನ್ ಫಾರ್ ಮಿ’ ಅಂದರೆ ವೈದ್ಯರು ಬಾಟಲಿಯ ಮುಚ್ಚಳ ತೆಗೆದರು ಎಂದಾಗುತ್ತದೆ, ಬೇಕಾದದ್ದು ‘ಪ್ರಿಸ್ಕ್ರೈಬ್ಡ್’. ‘ಐ ಆಮ್ ಓಪನಿಂಗ್ ಎ ಮೀಟಿಂಗ್’ ಅಂದರೆ ಉದ್ಘಾಟನಾ ಭಾಷಣ ಮಾಡುತ್ತಿರುವ ಹಾಗೆ. ‘ಐ ಆಮ್ ಇನ್ ಎ ಮೀಟಿಂಗ್’ ಸಾಕು. ‘ಷಿ ಓಪನ್ಡ್ ಎ ರೆಸ್ಟೋರೆಂಟ್’ ಶುರುಮಾಡಿದ್ದನ್ನು ಹೇಳಲು ಸರಿ, ಈಗ ನಡೆಸುತ್ತಿದ್ದಾಳೆ ಎನ್ನಲು ‘ರನ್ಸ್’ ಬೇಕು. ಕುದಿಸಿದ ನೀರಿಗೆ ‘ಖಾಯ್ ಶ್ವೇ’ ಎನ್ನುತ್ತಾರೆ. ಅದನ್ನು ‘ಓಪನ್ ವಾಟರ್’ ಮಾಡಿದರೆ ಇಂಗ್ಲಿಷಿನಲ್ಲಿ ದಡ ಬಿಟ್ಟ ವಿಶಾಲ ನೀರು, ಸಮುದ್ರ ಅಥವಾ ದೊಡ್ಡ ಸರೋವರ.

ವಿದ್ಯಾರ್ಥಿ ಎಂಜಿನಿಯರ್ ಆಗಿದ್ದರೆ ಮುಂದಿನ ಮಾತನ್ನು ಬಿಡಲೇಬೇಡಿ, ಇದು ಜೀವದ ಪ್ರಶ್ನೆ. ವಿದ್ಯುತ್ತಿನ ಇಂಗ್ಲಿಷಿನಲ್ಲಿ ‘ಓಪನ್ ಸರ್ಕ್ಯೂಟ್’ ಅಂದರೆ ಕರೆಂಟ್ ಹರಿಯದ ಸರ್ಕ್ಯೂಟ್. ಬ್ರೇಕರ್ ಅಂದರೆ ಕರೆಂಟ್ ಕಡಿಯುವ ಸ್ವಿಚ್. ‘ಓಪನ್ ದ ಬ್ರೇಕರ್’ ಅಂದರೆ ಬ್ರೇಕರ್ ಆಫ್ ಮಾಡು, ‘ಕ್ಲೋಸ್ ದ ಬ್ರೇಕರ್’ ಅಂದರೆ ಆನ್ ಮಾಡು. ಬ್ರೇಕರಿನ ಒಳಗೆ ಎರಡು ಲೋಹದ ತುದಿಗಳು ದೂರ ಸರಿದರೆ ಓಪನ್, ತಾಗಿದರೆ ಕ್ಲೋಸ್. ಚೀನೀಯವರ ದಿನಬಳಕೆಯಲ್ಲಿ ಸ್ವಿಚ್ಚಿಗೆ ಹೆಸರೇ ‘ಖಾಯ್‌ಕ್ವಾನ್’. ಅದರಲ್ಲಿ ಖಾಯ್ ಅಂದರೆ ಆನ್, ಕ್ವಾನ್ ಅಂದರೆ ಆಫ್. ಅಂದರೆ ಪೂರಾ ತಿರುಗುಮುರುಗು. ಅದೇ ಕಾರ್ಖಾನೆಯಲ್ಲಿ ಪೈಪಿನ ಹತ್ತಿರ ‘ಓಪನ್ ದ ವಾಲ್ವ್’ ಅಂದರೆ ದಾರಿ ಬಿಟ್ಟು ನೀರು ಹರಿಯುತ್ತದೆ. ವಾಲ್ವ್ ಓಪನ್ ಆದರೆ ಹರಿವು ಶುರು, ಬ್ರೇಕರ್ ಓಪನ್ ಆದರೆ ಹರಿವು ಬಂದ್. ಇವೆರಡರ ಚಿತ್ರ ಪಕ್ಕಪಕ್ಕ ಬರೆದು, ಬಾಣ ಹಾಕಿ, ವಿದ್ಯಾರ್ಥಿಯಿಂದಲೇ ವಿವರಿಸಿ ಹೇಳಿಸಿ. ಅವರ ತಾಂತ್ರಿಕ ಚೀನೀಯಲ್ಲಿ ಬ್ರೇಕರಿಗೆ ಬೇರೆ ಪದಗಳೇ ಇವೆ, ಅವುಗಳಿಗೆ ಜೋಡಿಸಿಕೊಳ್ಳಲು ಹೇಳಿ, ‘ಖಾಯ್’ಗೆ ಬೇಡ.

ಎರಡನೆಯ ಪಾಠ ಅಂಗಡಿಯ ಬೋರ್ಡಿನ ಮೇಲೆ. ‘ದ ಶಾಪ್ ಈಸ್ ಓಪನ್’, ‘ದ ಶಾಪ್ ಈಸ್ ಕ್ಲೋಸ್ಡ್’: ಒಂದಕ್ಕೆ ‘ಡ್’ ಇಲ್ಲ, ಇನ್ನೊಂದಕ್ಕೆ ಇದೆ. ಹೋಲಿಕೆಯ ಮೇಲೆ ಹೋದವರು ‘ಈಸ್ ಓಪನ್ಡ್’ ಅಥವಾ ‘ಈಸ್ ಕ್ಲೋಸ್’ ಎಂದು ಎಡವುತ್ತಾರೆ. ಕನ್ನಡದಲ್ಲಿ ‘ತೆರೆದಿದೆ’ ಸ್ಥಿತಿ, ‘ತೆರೆಯಿತು’ ಘಟನೆ. ಇಂಗ್ಲಿಷಿನಲ್ಲಿ ‘ಈಸ್ ಓಪನ್’ ಸ್ಥಿತಿ, ‘ಓಪನ್ಡ್ ಅಟ್ ನೈನ್’ ಘಟನೆ, ‘ಓಪನ್ಸ್ ಅಟ್ ನೈನ್’ ದಿನನಿತ್ಯದ ವೇಳೆ. ಬಾಗಿಲು ತಾನಾಗಿ ತೆರೆದರೆ ‘ದ ಡೋರ್ ಓಪನ್ಡ್’ ಸಾಕು, ‘ವಾಸ್’ ಬೇಡ. ‘ವಾಸ್ ಓಪನ್ಡ್’ ಅಂದರೆ ಯಾರೋ ತೆರೆದಿದ್ದಾರೆ.

ಉಚ್ಚಾರದಲ್ಲಿ ‘ಓಪನ್’ ಅವರಿಗೆ ಸುಲಭ, ‘ಓಪನ್ಡ್’ ಕಷ್ಟ. ಮ್ಯಾಂಡರಿನ್‌ನಲ್ಲಿ, ಅಂದರೆ ಪ್ರಮಾಣಿತ ಚೀನೀಯಲ್ಲಿ, ಅಕ್ಷರ ಕೊನೆಯಾಗುವುದು ಸ್ವರ, ನ್, ಙ್ ಅಥವಾ ರ್‌ನಿಂದ. ಅದೇ ಅಕ್ಷರದಲ್ಲಿ ನ್ ಆದ ಮೇಲೆ ಇನ್ನೊಂದು ವ್ಯಂಜನ ಬರುವುದೇ ಇಲ್ಲ. ಜೊತೆಗೆ ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುವ ಪದ್ಧತಿಯೂ ಅಲ್ಲಿಲ್ಲ. ಹೀಗಾಗಿ ‘ಡ್’ ಎರಡು ಕಡೆಯಿಂದ ಜಾರುತ್ತದೆ. ಸ್ವರದಿಂದ ಶುರುವಾಗುವ ಪದವನ್ನು ಮುಂದಿಟ್ಟು ಕೂಡಿಸಿ ಹೇಳಿಸಿ: ‘ಓಪನ್-ಡಿಟ್’, ‘ಓಪನ್-ಡಟ್ ನೈನ್’. ಡ್ ಮುಂದಿನ ಪದಕ್ಕೆ ಅಂಟಿಕೊಂಡರೆ ನಾಲಿಗೆಗೆ ಹಗುರ.

ಟಿಪ್ಪಣಿ ಪುಸ್ತಕದಲ್ಲಿ ‘ಓಪನ್ = ಖಾಯ್’ ಎಂದು ಒಂದು ಸಾಲು ಬರೆದಿದ್ದರೆ ಅದನ್ನು ಹೊಡೆದುಹಾಕಿಸಿ. ಬದಲಿಗೆ ನಾಮಪದ ಸೇರಿಸಿ ಜೋಡಿಯಾಗಿ ಬರೆಸಿ: ‘ಡ್ರೈವ್ ಎ ಕಾರ್’, ‘ಟರ್ನ್ ಆನ್ ದ ಎಸಿ’, ‘ಹ್ಯಾವ್ ಎ ಮೀಟಿಂಗ್’. ಒಂದು ಪಾಠಕ್ಕೆ ಆರು ಜೋಡಿ ಸಾಕು. ಎರಡು ದಿನ ಬಿಟ್ಟು ಚೀನೀ ಪದ ತೋರಿಸಿ ಇಂಗ್ಲಿಷ್ ಜೋಡಿ ಕೇಳಿ, ವಾರದ ನಂತರ ಮತ್ತೊಮ್ಮೆ. ‘ಕ್ವಾನ್’ ಕಡೆಯ ಜೋಡಿಗಳನ್ನು ಅದೇ ದಿನ ಕಲಿಸಬೇಡಿ, ಎರಡೂ ಕಲಸಿಹೋಗುತ್ತವೆ.

ಸಿಂಗಪುರದವರಿಗೆ ಕಲಿಸುತ್ತಿದ್ದರೆ ಒಂದು ಎಚ್ಚರಿಕೆ. ಅಲ್ಲಿನ ಮನೆಮಾತಿನ ಇಂಗ್ಲಿಷಿನಲ್ಲಿ ‘ಓಪನ್ ದ ಲೈಟ್’, ‘ಆನ್ ದ ಲೈಟ್’ ಎರಡೂ ಕೇಳಿಸುತ್ತವೆ, ಎಲ್ಲರಿಗೂ ಅರ್ಥವಾಗುತ್ತವೆ. ಮನೆಯಲ್ಲಿ ಅಜ್ಜಿಯ ಹತ್ತಿರ ಆಡುವ ಮಾತನ್ನು ತಿದ್ದಲು ಹೋಗಬೇಡಿ; ಪರೀಕ್ಷೆಯ ಉತ್ತರ, ಕಚೇರಿಯ ಪತ್ರ, ಬ್ರೇಕರಿನ ಪಕ್ಕ ಅಂಟಿಸುವ ಸೂಚನೆ, ಇವುಗಳಲ್ಲಿ ತಿದ್ದಿ.